ಮನೆಗೊಂದಾಳು

ಮಧುಗಿರಿ ಬೆಟ್ಟಕ್ಕೆ ಕೋಟೆ ಬಂದದ್ದು ಒಂದು ಕುರಿಯ ದೆಸೆಯಿಂದ. ನಮ್ಮ ಕಡೆಯ ಹಿರಿಯರು ಹಾಗೆ ಹೇಳುತ್ತಿದ್ದರು. ಹಳೆಯ ಗ್ಯಾಸೆಟಿಯರಿನಲ್ಲೂ ಆ ಕಥೆ ಇದೆ. ರಾಜಾ ಹಿರೇಗೌಡನ ಮಂದೆಯಿಂದ ತಪ್ಪಿಸಿಕೊಂಡ ಕುರಿಯೊಂದು ಮೈಯೆಲ್ಲ ತೊಯ್ದು, ನೀರು ತೊಟ್ಟಿಕ್ಕಿಸುತ್ತ ವಾಪಸು ಬಂತಂತೆ. ಇದು ಎಲ್ಲಿ ಮಿಂದು ಬಂತು ಎಂದು ಜಾಡು ಹಿಡಿದು ಹೋದವರಿಗೆ ಬೆಟ್ಟದಲ್ಲಿ ಒರತೆ ಸಿಕ್ಕಿತು. ಒರತೆ ಸಿಕ್ಕಿದ ಬೆಟ್ಟಕ್ಕೆ ಮಣ್ಣಿನ ಕೋಟೆ ಎದ್ದಿತು. ಕಲ್ಲಿನ ಗೋಡೆ, ಬತೇರಿ, ಒಂದರ ಮೇಲೊಂದು ಬಾಗಿಲು ಎಲ್ಲ ಆಮೇಲಿನವು. 1678ರಲ್ಲಿ ಮೈಸೂರಿನ ದಳವಾಯಿ ಮುತ್ತಿ ಗೆದ್ದದ್ದು, 1763ರಲ್ಲಿ ಹೈದರ್ ಬಿದನೂರಿನ ರಾಣಿ ವೀರಮ್ಮಾಜಿಯನ್ನು ತಂದು ಇಲ್ಲಿ ಸೆರೆಯಿಟ್ಟದ್ದು, 1767ರಲ್ಲಿ ಮರಾಠರು ಬಂದು ಅವಳನ್ನು ಬಿಡಿಸಿದ್ದು, ಇವನ್ನೆಲ್ಲ ನಾವು ಓದಿ ಕಲಿತೆವು. ಕುರಿಯ ಕಥೆಯನ್ನು ಮನೆಯಲ್ಲಿ ಮುದ್ದೆ ಮುರಿಯುತ್ತ ಕೇಳಿದೆವು. ವಯಸ್ಸಾದಂತೆ ನನಗೆ ಕುರಿಯ ಕಥೆಯೇ ಹೆಚ್ಚು ನಂಬಿಕೆಯ ಚರಿತ್ರೆ ಅನ್ನಿಸುತ್ತಿದೆ. ಈ ಸೀಮೆಯಲ್ಲಿ ಮೊದಲು ನೀರು, ಆಮೇಲೆ ಊರು, ಆಮೇಲೆ ದೊರೆ.

ಸಿರಾಕ್ಕೆ ಮಲಿಕ್ ರಿಹಾನನ ಗೋರಿಯಿದೆ, 1696ರ ಜುಮ್ಮಾ ಮಸೀದಿಯಿದೆ. ಪಾವಗಡ ತಾಲ್ಲೂಕಿಗೆ ನಿಡಗಲ್ಲು ದುರ್ಗ, ಕೊರಟಗೆರೆಗೆ ಚನ್ನರಾಯನದುರ್ಗ. ನಮ್ಮೂರಿಗೆ ಇಂಥದ್ದು ಏನೂ ಇಲ್ಲ. ಜಯಮಂಗಲಿ ಹೊಳೆಗೆ ಹೋಗಿ ಸೇರುವ ಒಂದು ಹಳ್ಳ, ಹಳ್ಳಕ್ಕೆ ಅಡ್ಡವಾಗಿ ಒಂದು ಕೆರೆ, ಏರಿಯ ಮೇಲೆ ಹುಣಿಸೆ ಮರಗಳು, ಅವುಗಳ ಬುಡದಲ್ಲಿ ಅರ್ಧ ಹೂತ ಒಂದು ವೀರಗಲ್ಲು. ಕಲ್ಲಿನ ಕೆಳಗಿನ ಪಟ್ಟಿಯಲ್ಲಿ ದನಗಳ ಸಾಲು, ಅದರ ಮುಂದೆ ಬಿಲ್ಲು ಹಿಡಿದ ಒಬ್ಬ. ಅಕ್ಷರಗಳಿದ್ದರೆ ಅವು ಸವೆದುಹೋಗಿವೆ. ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನು ಎಂದು ಹೇಳುತ್ತಾರೆ. ಅವನ ಹೆಸರು ಉಳಿಯಲಿಲ್ಲ. ಅವನು ಕಾಯ್ದ ದನಗಳು ನೀರು ಕುಡಿಯುತ್ತಿದ್ದ ಜಾಗ ಮಾತ್ರ ನಮ್ಮ ಕಾಲದವರೆಗೂ ಇತ್ತು. ಅದೇ ನಮ್ಮ ತಲಪರಿಗೆ.

ತಲಪರಿಗೆಯನ್ನು ನೋಡದವರಿಗೆ ವಿವರಿಸಿ ಹೇಳಬೇಕು. ಮಧುಗಿರಿ, ಕೊರಟಗೆರೆ, ಸಿರಾ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಹಳ್ಳದ ದಂಡೆಗಳಲ್ಲಿ, ಕೆರೆಯ ಅಂಗಳದಲ್ಲಿ, ಏರಿಯ ಹಿಂದೆ ಮರಳು ಬೆರೆತ ನೆಲವಿದೆ. ಮಳೆಗಾಲದಲ್ಲಿ ಬೆಟ್ಟಗುಡ್ಡಗಳಿಂದ ಇಳಿದು ಇಂಗಿದ ನೀರು ಆ ಮರಳಿನೊಳಗೆ ನಿಧಾನವಾಗಿ ಸರಿಯುತ್ತ ತಗ್ಗಿನಲ್ಲಿ ಮೇಲಕ್ಕೆ ಉಕ್ಕುತ್ತದೆ. ಅಲ್ಲಿ ಆಳುದ್ದವೂ ಬೇಡ, ಸೊಂಟದುದ್ದ ತೋಡಿದರೆ ಸಾಕಿತ್ತು. ಸುತ್ತ ಕಲ್ಲು ಜೋಡಿಸಿ ಗುಂಡಿಯನ್ನು ಕಾಪಾಡಿ, ಒಂದು ಕಡೆ ಬಾಯಿ ಬಿಟ್ಟು ಕಾಲುವೆ ತೆಗೆದರೆ ನೀರು ತಾನಾಗಿ ಹೊಲಗದ್ದೆಗಳಿಗೆ ಹರಿಯುತ್ತಿತ್ತು. ಎತ್ತು ಬೇಕಿರಲಿಲ್ಲ, ಏತ ಬೇಕಿರಲಿಲ್ಲ. ಕೆರೆ ಒಣಗಿ ಬಿರುಕು ಬಿಟ್ಟ ವರ್ಷವೂ ಕೆರೆಯ ಹಿಂದಿನ ತಲಪರಿಗೆಯಲ್ಲಿ ನೀರಿರುತ್ತಿತ್ತು. ಬಿ.ಎಲ್. ರೈಸ್ ತನ್ನ ಮೈಸೂರು ಗ್ಯಾಸೆಟಿಯರಿನಲ್ಲಿ ಇದೇ ನಾಲ್ಕು ತಾಲ್ಲೂಕುಗಳ ಹೆಸರು ಹೇಳಿ, ಇಲ್ಲಿ ತಲಪರಿಗೆಗಳು ಹತ್ತಿರ ಹತ್ತಿರದಲ್ಲೇ ಸಿಗುತ್ತವೆ, ಜನ ಕಾಲುವೆಯಿಂದಲೋ ಕಪಿಲೆ ಬಾವಿಯಿಂದಲೋ ಆ ನೀರನ್ನು ಬಳಸುತ್ತಾರೆ ಎಂದು ಬರೆದಿದ್ದಾನೆ. ದೊರೆಗಳ ಮೇಲಿನ ಪುಟಗಳ ನಡುವೆ ನಮ್ಮಂಥ ಊರುಗಳ ಬಗ್ಗೆ ಬರೆದ ಆ ಕೆಲವು ಸಾಲುಗಳನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ತುಂಬಿ ಬಂದಿತ್ತು.

ತಲಪರಿಗೆಗೆ ಒಬ್ಬ ಒಡೆಯನಿರಲಿಲ್ಲ. ಅದರ ಬಯಲಲ್ಲಿ ಗದ್ದೆ ಇದ್ದವರೆಲ್ಲ ಪಾಲುದಾರರು. ಬೇಸಿಗೆಯಲ್ಲಿ, ಯುಗಾದಿ ಕಳೆದು ಮೊದಲ ಮಳೆ ಬೀಳುವುದಕ್ಕೆ ಮುಂಚೆ ಒಂದು ದಿನ ಗೊತ್ತು ಮಾಡುತ್ತಿದ್ದರು. ಹಿಂದಿನ ಸಂಜೆ ತಮಟೆಯ ಸದ್ದು ಬೀದಿ ಬೀದಿಯಲ್ಲಿ ಕೇಳುತ್ತಿತ್ತು. “ನಾಳೆ ತಲಪರಿಗೆ ಕೆಲ್ಸ, ಮನೆಗೊಂದಾಳು ಬರಬೇಕ್ರಪ್ಪೋ.” ಆ ಕೂಗು ಕಿವಿಗೆ ಬಿದ್ದರೆ ಸಾಕು, ನಮಗೆ ಹುಡುಗರಿಗೆ ಜಾತ್ರೆಗಿಂತ ಹೆಚ್ಚಿನ ಸಡಗರ.

ಬೆಳಗಿನ ತಂಪಿನಲ್ಲೇ ಎಲ್ಲರೂ ಸೇರುತ್ತಿದ್ದರು. ಗುದ್ದಲಿ, ಸಲಿಕೆ, ಹಾರೆ, ಈಚಲು ಬುಟ್ಟಿ, ಲಕ್ಕಿ ಬರಲಿನ ಮಂಕರಿ. ಮೊದಲು ಕಾಲುವೆಯ ಬಾಯಿ ಅಗಲ ಮಾಡಿ ಇದ್ದ ನೀರನ್ನು ಹೊರಗೆ ಬಿಡುತ್ತಿದ್ದರು. ಆಮೇಲೆ ಜೊಂಡು ಕೊಯ್ಯುವುದು, ಪಾಚಿ ಎತ್ತುವುದು, ಜಾರಿದ ಕಲ್ಲುಗಳನ್ನು ಮತ್ತೆ ಸಾಲಿಗೆ ಕೂರಿಸುವುದು. ಕೊನೆಗೆ ಹೂಳು. ಒಳಗೆ ಇಳಿದವರು ತುಂಬಿಕೊಡುತ್ತಿದ್ದರು, ದಡದವರು ಕೈಯಿಂದ ಕೈಗೆ ಮಂಕರಿ ದಾಟಿಸುತ್ತಿದ್ದರು. ಆ ಸಾಲಿನಲ್ಲಿ ವ್ಯಾಜ್ಯ ಇದ್ದವರೂ ಅಕ್ಕಪಕ್ಕ ನಿಲ್ಲಬೇಕಾಗುತ್ತಿತ್ತು. ಬದುವಿನ ಜಗಳಕ್ಕೆ ಕೋರ್ಟು ಹತ್ತಿ ಮಾತು ಬಿಟ್ಟ ಅಣ್ಣತಮ್ಮಂದಿರು ಮಂಕರಿ ಕೊಡುವಾಗ “ಹುಷಾರು, ಭಾರ ಐತೆ” ಎಂದು ಹೇಳುವುದನ್ನು ನಾನು ಕೇಳಿದ್ದೇನೆ. ವರ್ಷಕ್ಕೆ ಒಂದು ದಿನವಾದರೂ ಆ ಮಾತು ಆಡಲೇಬೇಕಿತ್ತು. ತೆಗೆದ ಹೂಳು ಹೊಲಗಳಿಗೆ ಗೊಬ್ಬರವಾಗಿ ಹೋಗುತ್ತಿತ್ತು. ಬಾರದ ಮನೆಗೆ ತಪ್ಪು ದಂಡ. ಗಂಡಸರಿಲ್ಲದ ಮನೆಯಿಂದ ಒಂದು ಮಡಕೆ ಮಜ್ಜಿಗೆ ಬರುತ್ತಿತ್ತು. ಅದನ್ನೂ ಒಂದಾಳು ಎಂದೇ ಲೆಕ್ಕ ಹಿಡಿಯುತ್ತಿದ್ದರು. ಆ ಲೆಕ್ಕ ಹಿಡಿದವರ ಮೇಲೆ ನನಗೆ ಈಗಲೂ ಬಹಳ ಗೌರವ.

ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ತಳದ ಮರಳು ಕಾಣುತ್ತಿತ್ತು. ಆಗ ದೊಡ್ಡಪ್ಪ ನನ್ನನ್ನು ಒಳಗೆ ಇಳಿಸಿ, “ಇಲ್ಲಿ ಕೈ ಇಡು ಮಗಾ” ಎಂದಿದ್ದ. ಅಂಗೈಯ ಕೆಳಗೆ ಮರಳು ಅಲುಗಾಡುತ್ತಿತ್ತು. ಸಣ್ಣ ಸಣ್ಣ ಕಾಳುಗಳು ಎದ್ದು, ತಿರುಗಿ, ಮತ್ತೆ ಕೂರುತ್ತಿದ್ದವು. ನೀರು ಕೈಯನ್ನು ಮೆಲ್ಲಗೆ ಮೇಲಕ್ಕೆ ತಳ್ಳುತ್ತಿತ್ತು, ಎಳೆಗರು ಕೈಗೆ ಮೂತಿ ಒತ್ತಿದ ಹಾಗೆ. “ಊಟೆ ಬಂತು, ಊಟೆ ಬಂತು” ಎಂದು ದಡದ ಮೇಲೆ ಕೂಗು ಎದ್ದಿತು. ಹೆಂಗಸರು ಗಂಗಮ್ಮನ ಪೂಜೆಗೆ ಕಳಸ ತಂದರು, ತಂಬಿಟ್ಟಿನ ಆರತಿ ಬೆಳಗಿದರು. ಆಮೇಲೆ ಹುಣಿಸೆ ನೆರಳಲ್ಲಿ ಹುರುಳಿ ಬಸ್ಸಾರು, ಮುದ್ದೆ.

ನೀರು ಹಂಚುವ ಕೆಲಸ ನೀರಗಂಟಿಯದು. ಹಗಲು ನೆರಳನ್ನು ಹೆಜ್ಜೆಯಲ್ಲಿ ಅಳೆದು, ರಾತ್ರಿ ಚುಕ್ಕಿ ನೋಡಿ ಒಬ್ಬರ ಗದ್ದೆಯ ಬಾಯಿ ಮುಚ್ಚಿ ಇನ್ನೊಬ್ಬರದನ್ನು ತೆರೆಯುತ್ತಿದ್ದ. ಅವನ ಹತ್ತಿರ ಗಡಿಯಾರ ಇರಲಿಲ್ಲ, ಅವನ ಲೆಕ್ಕವನ್ನು ಪ್ರಶ್ನಿಸಿದವರೂ ಇರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಬಂದು ತನ್ನ ಆಯ ತೆಗೆದುಕೊಂಡು ಹೋಗುತ್ತಿದ್ದ. ಗೌಡರ ಗದ್ದೆಯಾದರೂ ಸರದಿ ಬರುವವರೆಗೆ ಒಂದು ತೊಟ್ಟು ನೀರು ಬಿಡುತ್ತಿರಲಿಲ್ಲ. ಸುತ್ತ ಹುರುಳಿ, ಸಾಮೆ, ಕಡಲೆಕಾಯಿ ಬೆಳೆಯುವ ಬೆದ್ದಲು ನೆಲ. ಅದರ ನಡುವೆ ಆ ಒಂದು ಬಯಲು ಮಾತ್ರ ಭತ್ತದ ಹಸಿರು. ಹಬ್ಬಕ್ಕೆ ಅನ್ನ ಉಣ್ಣುತ್ತಿದ್ದದ್ದು ಆ ಬಯಲಿನಿಂದ.

ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳಲಾರೆ. ನೀರಗಂಟಿಯ ಮನೆತನ ಊರ ಹೊರಗಿನ ಕೇರಿಯದು. ಇಡೀ ಊರಿನ ಗದ್ದೆಗೆ ನೀರು ಬಿಟ್ಟವನ ಹೆಂಡತಿ ಕುಡಿಯುವ ನೀರಿಗೆ ಮಾತ್ರ ಕಾಲುವೆಯ ಕೆಳಗೆ, ದನ ಕುಡಿಯುವ ಕಡೆ ಕೊಡ ಇಡಬೇಕಿತ್ತು. ಮೇಲಿನ ಮೆಟ್ಟಿಲು ಅವಳದಲ್ಲ. ಹೂಳೆತ್ತುವ ದಿನ ಅದೇ ಕೇರಿಯವರು ಎಲ್ಲರಿಗಿಂತ ಮೊದಲು ಗುಂಡಿಗೆ ಇಳಿಯುತ್ತಿದ್ದರು, ಊಟಕ್ಕೆ ಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದರು. ಹಳೆಯದನ್ನು ನೆನೆದು ಮರುಗುವಾಗ ಇದನ್ನು ಬಿಟ್ಟು ಮರುಗಿದರೆ ಅದು ಸುಳ್ಳಾಗುತ್ತದೆ. ಆ ಬೇರೆ ಪಂಕ್ತಿ ಹೋದದ್ದಕ್ಕೆ ನನಗೆ ದುಃಖವಿಲ್ಲ. ಒಟ್ಟಾಗಿ ಉಣ್ಣುವ ಪಂಕ್ತಿ ಬರುವ ಮೊದಲೇ ಕೆಲಸವೇ ಹೋಗಿಬಿಟ್ಟಿತಲ್ಲ, ದುಃಖ ಅದಕ್ಕೆ.

ಧಾತು ಈಶ್ವರ ಬರದ ಕಥೆಗಳನ್ನು ಅಜ್ಜಿ ತನ್ನ ಅಜ್ಜಿಯಿಂದ ಕೇಳಿ ನಮಗೆ ಹೇಳುತ್ತಿದ್ದಳು. 1876ರಿಂದ 78ರವರೆಗಿನ ಆ ಬರ ಮೈಸೂರು ಸೀಮೆಯನ್ನು ಬರಿದು ಮಾಡಿತು. 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನ 1881ರ ಗಣತಿಗೆ 42 ಲಕ್ಷದೊಳಗೆ ಇಳಿದಿದ್ದರು. ನಮ್ಮ ಸುತ್ತ ಕಲ್ಲಿನ ಒಳ್ಳು, ಮುರಿದ ಗುಡಿ, ಬೇಲಿ ಬೆಳೆದ ಪಾಯ ಮಾತ್ರ ಉಳಿದ ಹಾಳೂರುಗಳಿವೆ. ಅವುಗಳಲ್ಲಿ ಯಾವ ಯಾವುದು ಆ ಬರದಲ್ಲಿ ಹಾಳಾಯಿತೆಂದು ಅಜ್ಜಿ ಬೆರಳು ಮಡಚಿ ಎಣಿಸುತ್ತಿದ್ದಳು. ನಮ್ಮೂರು ಉಳಿದದ್ದು ತಲಪರಿಗೆಯಿಂದ ಎಂಬುದರಲ್ಲಿ ಅವಳಿಗೆ ಸಂಶಯವೇ ಇರಲಿಲ್ಲ. ಬೇರೆ ಊರಿನವರು ಮಡಕೆ ಹೊತ್ತು ಬಂದರೆ ಇಲ್ಲ ಎನ್ನಲಿಲ್ಲವಂತೆ. ಗದ್ದೆಗೆ ಬಿಡುವುದನ್ನು ನಿಲ್ಲಿಸಿ ಬಾಯಿಗೆ ಮಾತ್ರ ಎಂದು ಊರು ತೀರ್ಮಾನ ಮಾಡಿತ್ತಂತೆ. ಅಂಥ ತೀರ್ಮಾನ ಮಾಡಬಲ್ಲ ಊರನ್ನು ಈಗ ನಾನು ಎಲ್ಲಿ ಹುಡುಕಲಿ?

ಆಮೇಲೆ ಬೋರು ಬಂತು. ನಮ್ಮೂರಿನ ಮೊದಲ ಬೋರು ಕೊರೆದ ದಿನ ಹಬ್ಬದ ಹಾಗಿತ್ತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆದು ಪಾಯಿಂಟು ತೋರಿಸುವವರು ಬಂದರು. ಲಾರಿಯ ಸದ್ದು ರಾತ್ರಿಯೆಲ್ಲ ಕೇಳಿತು. ನೀರು ಚಿಮ್ಮಿದಾಗ ಜನ ಕೆಸರಲ್ಲೇ ಕುಣಿದರು. ಅವರನ್ನು ನಾನು ದೂರುವುದಿಲ್ಲ. ಬೆದ್ದಲು ಹೊಲದವನಿಗೆ ತಲಪರಿಗೆಯಲ್ಲಿ ಪಾಲು ಇರಲಿಲ್ಲ. ಅವನ ಪಾಲಿಗೆ ನೀರು ಬಂದದ್ದೇ ಆವಾಗ. ಅಡಿಕೆ ಬಂತು, ಹಿಪ್ಪುನೇರಳೆ ಬಂತು, ಟೊಮೇಟೊ ಬಂತು, ಹೆಣ್ಣುಮಕ್ಕಳ ಮದುವೆಯಾಯಿತು, ಹುಡುಗರು ತುಮಕೂರಿನಲ್ಲಿ ಕಾಲೇಜು ಓದಿದರು. ನಾನು ಓದಿದ್ದೂ ಆ ನೀರಿನಿಂದಲೇ.

ಒಂದು ಬೋರು ಹತ್ತಾಯಿತು. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರು ಐನೂರಕ್ಕೆ, ಸಾವಿರಕ್ಕೆ ಇಳಿಯಿತು. ಅಂತರ್ಜಲದ ಅತಿಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿ ಮಧುಗಿರಿ, ಕೊರಟಗೆರೆಗಳ ಹೆಸರು ಸೇರಿತು. ತಲಪರಿಗೆ ಒಂದೇ ದಿನ ನಿಲ್ಲಲಿಲ್ಲ. ಮೊದಲು ಕೊನೆಯ ಗದ್ದೆಗೆ ನೀರು ಮುಟ್ಟಲಿಲ್ಲ. ಆಮೇಲೆ ಕಾಲುವೆ ದಾಟಲಿಲ್ಲ. ಆಮೇಲೆ ಗುಂಡಿಯಲ್ಲೇ ನಿಂತಿತು. ಒಂದು ಬೇಸಿಗೆಯಲ್ಲಿ ಅಲ್ಲಿ ಬರೀ ಹಸಿ ಮಣ್ಣಿತ್ತು, ಮುಂದಿನ ಬೇಸಿಗೆಯಲ್ಲಿ ಅದೂ ಇರಲಿಲ್ಲ.

ಆದರೆ ನೀರು ನಿಲ್ಲುವ ಮುಂಚೆಯೇ ಇನ್ನೊಂದು ನಿಂತಿತ್ತು. ಬೋರು ಹಾಕಿಸಿದ ಮನೆಗಳು ಹೂಳೆತ್ತುವುದಕ್ಕೆ ಆಳು ಕಳಿಸುವುದನ್ನು ಬಿಟ್ಟವು. “ನಮಗೆ ಅದರ ನೀರು ಬೇಕಾಗಿಲ್ಲವಲ್ಲ” ಎಂಬ ಮಾತು ತಪ್ಪು ಎಂದು ಹೇಳಲು ಯಾರ ಬಳಿಯೂ ಉತ್ತರ ಇರಲಿಲ್ಲ. ದಂಡ ಹಾಕಿದರೆ ಕಟ್ಟುವವರಿಲ್ಲ. ಒಂದು ವರ್ಷ ಅರ್ಧ ಊರು ಬಂತು, ಮರುವರ್ಷ ಕಾಲು ಊರು. ಕಡೆಯ ಸಲ ಹೋದವರು ನಮ್ಮ ದೊಡ್ಡಪ್ಪ, ನೀರಗಂಟಿ, ಮಜ್ಜಿಗೆ ತಂದ ಒಬ್ಬ ಅಜ್ಜಿ ಮತ್ತು ಬೆರಳೆಣಿಕೆಯ ಜನ. ಕೈಯಿಂದ ಕೈಗೆ ಮಂಕರಿ ದಾಟಿಸುವಷ್ಟು ಜನ ಇರಲಿಲ್ಲ. ಗುಂಡಿಯಿಂದ ದಡಕ್ಕೆ ಹೊತ್ತುಕೊಂಡೇ ಹತ್ತಿದರು. ಆಮೇಲೆ ತಮಟೆ ಬಾರಿಸಲಿಲ್ಲ.

ಮರಳೂ ಹೋಯಿತು. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಆಂಧ್ರದ ಕಡೆ ಉತ್ತರ ಪಿನಾಕಿನಿಯನ್ನು ಸೇರುವ ಜಯಮಂಗಲಿ ಬೇಸಿಗೆಯಲ್ಲಿ ಒಣ ಹೊಳೆಯೇ. ಆದರೂ ಮರಳಲ್ಲಿ ಚಿಲುಮೆ ತೋಡಿ ಹೆಂಗಸರು ತೆಂಗಿನ ಚಿಪ್ಪಿನಿಂದ ಕೊಡ ತುಂಬುತ್ತಿದ್ದರು. ಬೆಂಗಳೂರು ಬೆಳೆದಂತೆ ಆ ಮರಳು ಲಾರಿ ಹತ್ತಿತು. ನೀರನ್ನು ಹಿಡಿದಿಡುತ್ತಿದ್ದ ಮರಳು ಹೋದ ಮೇಲೆ ದಂಡೆಯ ಒರತೆಗಳು ಎಲ್ಲಿ ಉಳಿದಾವು? ಕೆರೆಯಂಗಳಕ್ಕೆ ಬಳ್ಳಾರಿ ಜಾಲಿ ಬಂದು, ತಲಪರಿಗೆಯ ಕಲ್ಲುಕಟ್ಟು ಮುಳ್ಳಿನಡಿ ಮುಚ್ಚಿತು. ಕೆಲವು ಚಪ್ಪಡಿಗಳು ಮನೆಗಳ ಮುಂದಿನ ಚರಂಡಿಗೆ ಹಾಸಾದವು.

ಪಾವಗಡದ ಕಡೆ ಕಣ್ಮರೆಯ ದಾರಿ ಬೇರೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆ ಜಮೀನನ್ನು ರೈತರು ಗುತ್ತಿಗೆಗೆ ಕೊಟ್ಟಿದ್ದಾರೆ; 2,050 ಮೆಗಾವ್ಯಾಟಿನ ಸೌರ ಉದ್ಯಾನ ಅಲ್ಲಿ ನಿಂತಿದೆ. ಬರದಿಂದ ಬೇಸತ್ತವರಿಗೆ ವರ್ಷಕ್ಕೊಮ್ಮೆ ಹಣ ಬರುತ್ತದೆ ಎಂಬ ನೆಮ್ಮದಿ ಸಣ್ಣದಲ್ಲ. ಆದರೆ ಬದು, ಬಂಡಿಜಾಡು, ಕುರಿ ಮೇಯಿಸುವ ಬೀಳು ಬಯಲು ಫಲಕಗಳ ಕೆಳಗೆ ಒಂದೇ ಆಗಿಬಿಟ್ಟಿವೆ. ಇದೇ ಸೀಮೆಯಲ್ಲಿ ಸಿರಾ ಹತ್ತಿರದ ಕಗ್ಗಲಡು ಕೂಡ ಇದೆ. ಅಲ್ಲಿನ ಜನ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವ ಹುಣಿಸೆ ಮರಗಳ ಹಣ್ಣನ್ನೇ ಬಿಟ್ಟುಕೊಟ್ಟರು. ಇಡೀ ಊರು ಸೇರಿ ಒಂದನ್ನು ಬಿಟ್ಟುಕೊಡುವುದು ಇನ್ನೂ ಸಾಧ್ಯ ಎಂದು ತಿಳಿದಾಗ ನನಗೆ ನಮ್ಮೂರಿನ ಮೇಲೆ ಇದ್ದ ಸಂಕಟ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

2021ರ ಕೊನೆಯಲ್ಲಿ, ಮತ್ತೆ 2022ರಲ್ಲಿ ಮಳೆ ಬಂತಲ್ಲ, ಆ ಮಳೆಗೆ ತುಮಕೂರು ಜಿಲ್ಲೆಯ ಎಷ್ಟೋ ಕೆರೆಗಳು ಬಹಳ ವರ್ಷಗಳ ಮೇಲೆ ಕೋಡಿ ಬಿದ್ದವು. ಜಯಮಂಗಲಿ ದಡ ಮೀರಿ ಹರಿಯಿತು. ನಮ್ಮ ಕೆರೆಯೂ ತುಂಬಿತು. ಊರಿಗೆ ಹೋದವನು ಏರಿ ಇಳಿದು ಜಾಲಿಮುಳ್ಳು ಸರಿಸಿಕೊಂಡು ಒಳಗೆ ಹೋದೆ. ಮುರಿದ ಕಲ್ಲುಕಟ್ಟಿನ ನಡುವೆ ತಿಳಿನೀರು ನಿಂತಿತ್ತು. ಬರೀ ನಿಂತಿರಲಿಲ್ಲ, ಹೂತುಹೋದ ಕಾಲುವೆಯ ಜಾಡಿನಲ್ಲೇ ದಾರಿ ಮಾಡಿಕೊಂಡು ಸಣ್ಣಗೆ ಹರಿಯುತ್ತಿತ್ತು. ಇಷ್ಟು ವರ್ಷ ನಾನು ಇದೇ ಸುದ್ದಿಗೆ ಕಾದಿದ್ದೆ. ಓಡಿ ಬಂದು ಅರಳಿಕಟ್ಟೆಯಲ್ಲಿ ಕೂತ ಹುಡುಗರಿಗೆ ಹೇಳಿದೆ. “ಹೌದಣ್ಣ, ಆ ಕಡೆ ಜೌಗು ಹಿಡಿದೈತೆ. ಟ್ರ್ಯಾಕ್ಟರ್ ಹೂತ್ಕೊಳುತ್ತೆ, ಮಣ್ಣು ಹೊಡಿಸಬೇಕು” ಎಂದರು. ಒಳ್ಳೆಯ ಹುಡುಗರು, ಒರಟುತನದಿಂದ ಹೇಳಿದ್ದಲ್ಲ. ತಲಪರಿಗೆ ಹರಿಯುವುದನ್ನು ಅವರು ಯಾವತ್ತೂ ನೋಡಿರಲಿಲ್ಲ. ಕೈಯ ಕೆಳಗೆ ಮರಳು ಅಲುಗಾಡಿದ್ದು ಅವರ ಕೈಗೆ ಗೊತ್ತಿರಲಿಲ್ಲ.

ಆವತ್ತು ನನಗೆ ತಿಳಿಯಿತು, ಇಷ್ಟು ದಿನ ನಾನು ನೀರಿಗಾಗಿ ಅಳುತ್ತಿರಲಿಲ್ಲ. ನೀರು ಬಂದಿತ್ತು, ಮನೆಗೊಂದಾಳು ಎಂದು ಕರೆದರೆ ಬರುವ ಮನೆಗಳು ಬಂದಿರಲಿಲ್ಲ. ಅರ್ಧ ಮನೆಗಳಿಗೆ ಬೀಗ. ಪೀಣ್ಯದಲ್ಲೋ ನೆಲಮಂಗಲದಲ್ಲೋ ಕೆಲಸ, ಮಾರಮ್ಮನ ಜಾತ್ರೆಗೆ ಬಂದು ಹೋಗುವುದು. ಇದ್ದವರಿಗೆ ಮೋಟಾರಿನ ಸ್ವಿಚ್ಚು ಮೊಬೈಲಿನಲ್ಲೇ ಇದೆ.

ತಲಪರಿಗೆಗಳ ಬಗ್ಗೆ ಕಾಳಜಿ ಇರುವವರು ಇಲ್ಲ ಎಂದಲ್ಲ. ಮಲ್ಲಿಕಾರ್ಜುನ ಹೊಸಪಾಳ್ಯ ಅವರಂಥವರು ಊರೂರು ತಿರುಗಿ ಅವುಗಳನ್ನು ಹುಡುಕಿ ದಾಖಲಿಸಿದ್ದಾರೆ. ಅವರ ಕೆಲಸ ಇಲ್ಲದಿದ್ದರೆ ಈ ಹೆಸರೇ ಹೊರಗಿನವರಿಗೆ ತಿಳಿಯುತ್ತಿರಲಿಲ್ಲ. ನರೇಗಾದಲ್ಲಿ ಕೆಲವು ಕಡೆ ಹೂಳು ತೆಗೆದು ಕಲ್ಲು ಕಟ್ಟಿಸಿದ್ದಾರೆ, ಅದನ್ನು ಕಂಡರೆ ಸಂತೋಷವಾಗುತ್ತದೆ. ಕಟ್ಟಿದ ಮೇಲೆ ವರ್ಷ ವರ್ಷ ಇಳಿಯುವವರು ಯಾರು ಎಂಬುದನ್ನು ಮಾತ್ರ ಊರೇ ಹೇಳಬೇಕು.

ನಮ್ಮೂರಿನದಕ್ಕೆ ಇನ್ನೂ ಯಾರೂ ಕೈ ಹಾಕಿಲ್ಲ. ನನ್ನಿಂದಾದಷ್ಟು ಎಂದು ನೀರಿನ ಸರದಿಯನ್ನು ಬರೆದಿಡೋಣ ಎಂದುಕೊಂಡೆ. ಯಾರ ಗದ್ದೆಯ ನಂತರ ಯಾರದು, ಯಾರಿಗೆ ಎಷ್ಟು ಹೊತ್ತು, ಇದು ಯಾವ ಪಹಣಿಯಲ್ಲೂ ಇಲ್ಲ. ಹಣ್ಣಾದ ದೊಡ್ಡಪ್ಪನನ್ನೂ ತೀರಿಹೋದ ನೀರಗಂಟಿಯ ಮಗನನ್ನೂ ಜಗಲಿಯಲ್ಲಿ ಕೂರಿಸಿಕೊಂಡು ಕೇಳಿದೆ. ಮೊದಲ ಎರಡು ಹೆಸರು ಸಲೀಸಾಗಿ ಬಂದವು. ಮೂರನೆಯದಕ್ಕೆ ಜಗಳ ಹತ್ತಿತು.

“ಮೂರನೇದು ಆಂಜನೇಯನ ಮಾನ್ಯ ಕಣಯ್ಯಾ. ದೇವರ ಗದ್ದೆಗೆ ಬಿಡದೆ ಮುಂದಕ್ಕೆ ಹೆಂಗೋಗ್ತದೆ ನೀರು?” ಎಂದ ದೊಡ್ಡಪ್ಪ.

“ಇಲ್ಲ ಯಜಮಾನ್ರೇ, ದೇವರ ಗದ್ದೆ ರಾತ್ರಿ ಸರದೀಲಿ. ನಮ್ಮಪ್ಪನ ಜೊತೆ ನಾನೇ ಲಾಟೀನು ಹಿಡ್ಕಂಡು ಹೋಗ್ತಿರಲಿಲ್ವಾ? ಮೂರನೇದು ಶ್ಯಾನುಭೋಗರದ್ದು.”

“ನಿಂಗೆ ಅವಾಗ ಎಷ್ಟು ವಯಸ್ಸು ಅಂತ!”

ಇಬ್ಬರ ದನಿಯೂ ಏರಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಕೇರಿಯ ಅಜ್ಜಿಯೊಬ್ಬಳು ಹೊರೆ ಇಳಿಸಿ, ಏನು ಎತ್ತ ಎಂದು ಕೇಳಿ, ಇಬ್ಬರನ್ನೂ ಒಂದು ಸುತ್ತು ನೋಡಿ, ಜಗಲಿ ಹತ್ತಿ ನನ್ನ ಪಕ್ಕದಲ್ಲೇ ಕೂತಳು.

“ಇಬ್ಬರದ್ದೂ ಸುಳ್ಳು. ಮೂರನೇ ಸರದಿ ನಮ್ಮದು. ಕೊನೇ ಗದ್ದೆ ಅಂತ ನೀರು ಮುಟ್ಟುತ್ತಿರಲಿಲ್ಲ, ಅದಕ್ಕೆ ನಮ್ಮತ್ತೆ ಊರ ಮುಂದೆ ನಿಂತು ಕೇಳಿ ಮೂರನೇ ಸರದಿ ಹಾಕಿಸ್ಕೊಂಡಿದ್ದು. ಬರ್ಕಳಪ್ಪಾ ನೀನು, ಮೊದಲು ಅದನ್ನ ಬರ್ಕೋ.”